ಸುಂಕದವರಿಗೆ ಅರುಳಪ್ಪ ಕೊಟ್ಟ ಉತ್ತರ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಒಂದು ಮಠವಿದೆ: ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಅಲ್ಲಿನ ಸ್ವಾಮಿಗಳು ಕಾವಿ ಉಡುತ್ತಾರೆ, ಮಾಂಸ ಮುಟ್ಟುವುದಿಲ್ಲ. ಬರೀ ಹೆಸರು ಕೇಳಿದವರು ಈ ಸೀಮೆಯ ಉಳಿದ ವಿರಕ್ತಮಠಗಳ ಸಾಲಿಗೇ ಇದನ್ನೂ ಸೇರಿಸಿಬಿಡುತ್ತಾರೆ. ಇದು ಕ್ರೈಸ್ತರ ಮಠ. ನಡೆಸುವವರು ಕಥೋಲಿಕ ಸಭೆಯ ಜೆಸುಯಿಟ್ ಪಾದ್ರಿಗಳು. ಅರುಳಪ್ಪ ಅಂದರೆ ಯೋಹಾನರು, ಯೇಸುವಿಗಿಂತ ಮುಂಚೆ ಬಂದು ಯೊರ್ದನ್ ಹೊಳೆಯಲ್ಲಿ ಜನರಿಗೆ ಸ್ನಾನದೀಕ್ಷೆ ಕೊಟ್ಟವರು.

ದಿನನಿತ್ಯದ ದುಡಿಮೆಗೂ ಕ್ರೈಸ್ತ ನಂಬಿಕೆಗೂ ಏನು ಸಂಬಂಧ ಎಂದು ಕೇಳುವ ಹೊಸಬರಿಗೆ ನಾನು ಈ ಅರುಳಪ್ಪನವರಿಂದಲೇ ಪಾಠ ಶುರು ಮಾಡುವುದು. ಬೈಬಲ್ ಓದಿರಲೇಬೇಕು ಎಂದೇನಿಲ್ಲ. ಚರ್ಚಿನ ಮೆಟ್ಟಿಲು ಹತ್ತಿರಲೇಬೇಕು ಎಂದೂ ಇಲ್ಲ. ಸಂತೆಯಲ್ಲಿ ಒಮ್ಮೆ ವ್ಯಾಪಾರ ಮಾಡಿದ್ದರೆ ಸಾಕು, ಈ ಪಾಠ ಅರ್ಥವಾಗುತ್ತದೆ.

ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಕಥೆ ಇದೆ. ಅರುಳಪ್ಪನವರು ಅಡವಿಯಲ್ಲಿ ಇದ್ದವರು. ಒಂಟೆಯ ಕೂದಲಿನ ಬಟ್ಟೆ, ಮಿಡತೆ ಮತ್ತು ಕಾಡುಜೇನಿನ ಊಟ. ಮಾತು ಬಲು ಬಿರುಸು. ಬಂದ ಜನರನ್ನು ಸರ್ಪಸಂತತಿ ಎಂದು ಕರೆದವರು. ಇಂಥವರ ಮಾತು ಕೇಳಿ ಹೆದರಿದ ಜನ, ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳುತ್ತಾರೆ. ನೀವು ಆ ಗುಂಪಿನಲ್ಲಿ ಇದ್ದೀರಿ ಎಂದು ತಿಳಿಯಿರಿ. ಎಂಥ ಉತ್ತರ ಬರಬಹುದು? ಮನೆ ಬಿಡಿ, ಮಠ ಸೇರಿ, ಉಪವಾಸ ಮಾಡಿ ಎಂದಾರು ಎನಿಸುತ್ತದೆ. ಅವರು ಹೇಳಿದ್ದು ಅದಲ್ಲ. ಎರಡು ಅಂಗಿ ಇದ್ದವರು ಇಲ್ಲದವರಿಗೆ ಒಂದು ಕೊಡಲಿ, ಊಟದ ವಿಷಯದಲ್ಲೂ ಹಾಗೇ ಮಾಡಲಿ ಎಂದರು.

ಆಮೇಲೆ ಸುಂಕದವರು ಬಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಯೇಸುವಿನ ಕಾಲದ ಪಲೆಸ್ತೀನದಲ್ಲಿ ಸುಂಕದವರೆಂದರೆ ಜನರಿಗೆ ಎಷ್ಟು ಸಿಟ್ಟು ಎನ್ನುವುದು ನಮಗೆ ಸುಲಭವಾಗಿ ತಿಳಿಯುತ್ತದೆ, ಏಕೆಂದರೆ ಆ ವ್ಯವಸ್ಥೆಯ ಒಂದು ಎಳೆ ನಮ್ಮಲ್ಲಿ ಇನ್ನೂ ಇದೆ. ಸಂತೆಯ ಕರ, ಜಾತ್ರೆಯ ಕರ ವಸೂಲಿಯನ್ನು ಹರಾಜು ಹಾಕುತ್ತಾರಲ್ಲ, ಹಾಗೆಯೇ ರೋಮನ್ ಆಳ್ವಿಕೆಯಲ್ಲಿ ಸುಂಕದ ವಸೂಲಿ ಗುತ್ತಿಗೆಗೆ ಹೋಗುತ್ತಿತ್ತು. ಸರ್ಕಾರಕ್ಕೆ ಕಟ್ಟಬೇಕಾದ್ದು ಇಷ್ಟು ಎಂದು ನಿಗದಿ. ಅದರ ಮೇಲೆ ಕಿತ್ತುಕೊಂಡದ್ದೆಲ್ಲ ಗುತ್ತಿಗೆದಾರನ ಲಾಭ. ಹೊರಗಿನ ದೊರೆಗಳಿಗಾಗಿ ತನ್ನ ಜನರನ್ನೇ ಸುಲಿಯುವವನು ಎಂದು ಊರು ಅವನನ್ನು ದೂರ ಇಟ್ಟಿತ್ತು. ಅಂಥವರು ಬಂದು ಗುರುಗಳೇ, ನಾವು ಏನು ಮಾಡಬೇಕು ಎಂದಾಗ, ಆ ಕೆಲಸ ಬಿಡಿ ಎಂದು ಹೇಳುವುದು ಎಷ್ಟು ಸುಲಭವಿತ್ತು! ಅರುಳಪ್ಪನವರು ಹಾಗೆ ಹೇಳಲಿಲ್ಲ. ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದರು. ಸಿಪಾಯಿಗಳು ಕೇಳಿದಾಗಲೂ ಇದೇ ಬಗೆ: ಯಾರನ್ನೂ ಬೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ.

ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಲ್ಲೇ ಇದೆ. ದುಡಿಮೆಯಲ್ಲಿ ಅರ್ಥ ಕಾಣುವುದು ಎಂದಾಗ ಈಚೆಗೆ ಜನ ಮನಸ್ಸಿನ ಭಾವನೆಯನ್ನು ಹುಡುಕುತ್ತಾರೆ. ಕೆಲಸ ಖುಷಿ ಕೊಡುತ್ತಿದೆಯೇ, ನನ್ನ ಆಸೆಗೆ ಹೊಂದುತ್ತಿದೆಯೇ ಎಂದು. ಬೈಬಲ್ ಆ ಪ್ರಶ್ನೆ ಕೇಳುವುದು ಅಪರೂಪ. ಅದು ಲೆಕ್ಕದ ಪುಸ್ತಕ ತೋರಿಸು ಎನ್ನುತ್ತದೆ. ಎಷ್ಟು ತೆಗೆದುಕೊಂಡೆ, ಯಾರಿಗೆ ಎಷ್ಟು ಕೊಟ್ಟೆ, ಯಾವಾಗ ಕೊಟ್ಟೆ, ಎತ್ತಿಗೆ ದಣಿವಾರಿತೇ? ಭಾನುವಾರದ ಆರಾಧನೆ ಸೋಮವಾರದ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ ಎನ್ನುವುದು ಅದರ ಹಟ.

ಕೆಲಸವನ್ನು ಬೈಬಲ್ ಶಾಪವೆಂದು ಕಾಣುತ್ತದೆ ಎನ್ನುವ ತಪ್ಪು ತಿಳಿವಳಿಕೆ ಕ್ರೈಸ್ತರಲ್ಲೂ ಇದೆ. ಅದನ್ನು ಬೇಗ ಬಗೆಹರಿಸೋಣ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದೇ ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಪಾಪ, ಶಾಪ, ಮುಳ್ಳು, ಬೆವರು ಇವೆಲ್ಲ ಬರುವುದು ಮೂರನೆಯ ಅಧ್ಯಾಯದಲ್ಲಿ. ಶಾಪ ತಟ್ಟಿದ್ದು ಹೊಲಕ್ಕೆ. ಹೊಲ ಉಳುವ ಕೆಲಸ ಅದಕ್ಕೂ ಹಳೆಯದು. ವಿಮೋಚನಕಾಂಡದಲ್ಲಿ ಬೆಚಲೇಲ ಎಂಬ ಕುಶಲಕರ್ಮಿ ಬರುತ್ತಾನೆ. ಬಂಗಾರ, ಬೆಳ್ಳಿ, ತಾಮ್ರ, ಕಲ್ಲು, ಮರ ಇವುಗಳಲ್ಲಿ ಕೆಲಸ ಮಾಡಲೆಂದು ದೇವರು ಅವನಲ್ಲಿ ತನ್ನ ಆತ್ಮವನ್ನು ತುಂಬಿದ ಎಂದು ಹೇಳಿದೆ. ಯೇಸುವನ್ನು ಸ್ವಂತ ಊರಿನವರು ಗುರುತಿಸಿದ್ದು ಬಡಗಿ ಎಂದು. ಸುವಾರ್ತೆ ಸಾರುತ್ತ ಊರೂರು ತಿರುಗಿದ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿದ್ದು ಅವರ ಜತೆ ಡೇರೆ ಮಾಡುವ ಕಸುಬು ನಡೆಸಿದ. ಹಗಲು ಕಸುಬು, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಸಭಾಮಂದಿರದಲ್ಲಿ ವಾದ. ಇವು ಎಲ್ಲ ಪಾಠಗಳಲ್ಲೂ ಬರುವ ಉದಾಹರಣೆಗಳು. ನಾನು ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ.

ಅಳತೆಗೆ ಬರೋಣ. ಬೈಲಹೊಂಗಲ ಹತ್ತಿ ಮಾರುಕಟ್ಟೆಗೆ ಹೆಸರಾದ ಊರು. ಹತ್ತಿಯ ಲೆಕ್ಕ ತೂಕದಲ್ಲಿದೆ, ತೂಕದ ಒಳಗೆ ತೇವದ ಲೆಕ್ಕವಿದೆ. ಮಾರುವವನು ಅಂಡಿಗೆಯೊಳಗೆ ನೀರು ಚಿಮುಕಿಸಬಹುದು, ಅಡಿಯಲ್ಲಿ ಕೆಟ್ಟ ಅರಳೆ ತುರುಕಬಹುದು. ಕೊಳ್ಳುವವನು ಸೂಟು ಎಂದು ಒಂದಿಷ್ಟು ಮುರಿದುಕೊಳ್ಳಬಹುದು. ಇಬ್ಬರೂ ದೇವರ ಪಟಕ್ಕೆ ಕೈಮುಗಿದೇ ಮಾರುಕಟ್ಟೆಗೆ ಬಂದಿರುತ್ತಾರೆ. ಇಂಥ ಜಾಗದ ಬಗ್ಗೆ ಹಳೆ ಒಡಂಬಡಿಕೆ ಬಾಯಿ ಬಿಗಿಹಿಡಿಯುವುದಿಲ್ಲ. ಕೊಳ್ಳಲು ಒಂದು ಕಲ್ಲು, ಮಾರಲು ಇನ್ನೊಂದು ಕಲ್ಲು ಚೀಲದಲ್ಲಿ ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳು ಹೇಳುತ್ತವೆ. ಬಲಿ, ಹಬ್ಬ, ಧೂಪ ಇವುಗಳ ಕಟ್ಟಳೆ ಇರುವ ಅದೇ ಯಾಜಕಕಾಂಡದಲ್ಲಿ ತೂಕದ ಕಲ್ಲಿನ ಕಟ್ಟಳೆಯೂ ಇದೆ. ತಕ್ಕಡಿಯನ್ನು ಗುಡಿಯಿಂದ ಹೊರಗೆ ಇಡುವ ಯೋಚನೆಯೇ ಆ ಜನರಿಗೆ ಬಂದಿರಲಿಲ್ಲ.

ನಮ್ಮ ನೆಲದವರಿಗೆ ಇದರಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹ ಎರಡನ್ನೂ ಹೇಳಿಕೊಟ್ಟ ಸೀಮೆ ಇದು. ಕೇಳಬೇಕಾದ ಪ್ರಶ್ನೆಯೇ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಈ ಕಥೆ ಗೊತ್ತಿದ್ದವರಿಗೆ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯ ತೆರೆದು ಕೊಡಿ. ಐಗುಪ್ತದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲರು ಅಡವಿಯಲ್ಲಿ ಹಸಿದಾಗ ಮುಂಜಾನೆ ಮಂಜಿನ ಜತೆ ಮನ್ನ ಎಂಬ ಆಹಾರ ನೆಲದ ಮೇಲೆ ಬೀಳುತ್ತದೆ. ಪ್ರತಿಯೊಬ್ಬರೂ ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ನಾಳೆಗೆ ಇರಲಿ ಎಂದು ಉಳಿಸಿಕೊಂಡವರ ಮನ್ನ ಹುಳ ಹಿಡಿದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಏಳನೆಯ ದಿನ ಆಯಲು ಹೋಗಬಾರದೆಂದು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿ ಕೇಳುವುದೂ ಅಂದಂದಿನ ಮಟ್ಟಿಗೆ. ಶರಣರ ಕಲ್ಯಾಣಕ್ಕೂ ಸೀನಾಯಿ ಮರುಭೂಮಿಗೂ ನಡುವೆ ಸಾವಿರಾರು ಮೈಲಿ, ಸಾವಿರಾರು ವರ್ಷ. ಲಕ್ಕಮ್ಮನಿಗೆ ಆ ಅಧ್ಯಾಯ ಓದಿ ಹೇಳಿದ್ದರೆ ಆಕೆಗೆ ಅಚ್ಚರಿಯೇನೂ ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ವ್ಯತ್ಯಾಸವೂ ಇದೆ, ಅದನ್ನು ಮುಚ್ಚಿಡಬಾರದು. ಶರಣರಲ್ಲಿ ಕಾಯಕವೇ ಪೂಜೆಯ ಸ್ಥಾನಕ್ಕೆ ಏರುತ್ತದೆ. ಕ್ರೈಸ್ತ ಬೋಧೆ, ಅದರಲ್ಲೂ ಹದಿನಾರನೆಯ ಶತಮಾನದ ಜರ್ಮನಿಯ ಮಾರ್ಟಿನ್ ಲೂಥರನ ನಂತರದ ಪ್ರೊಟೆಸ್ಟಂಟ್ ಬೋಧೆ, ದುಡಿಮೆಯಿಂದ ಮುಕ್ತಿ ಗಳಿಸಲಾಗದು ಎಂದು ಒತ್ತಿ ಹೇಳುತ್ತದೆ. ಮುಕ್ತಿ ದೇವರ ಕೃಪೆ, ಪುಕ್ಕಟೆ ಬಂದದ್ದು. ಹಾಗಾದರೆ ದುಡಿಯುವುದೇಕೆ? ಲೂಥರನ ವಾದದ ಸಾರ ಇಷ್ಟು: ದೇವರಿಗೆ ನಿನ್ನ ದುಡಿಮೆ ಬೇಕಿಲ್ಲ, ನೆರೆಯವನಿಗೆ ಬೇಕು. ಹಾಲು ಕರೆಯುವವಳ ಕೈಯಿಂದ, ಚಮ್ಮಾರನ ಕೈಯಿಂದ ದೇವರೇ ಜನರನ್ನು ಸಾಕುತ್ತಿದ್ದಾನೆ. ಸನ್ಯಾಸಿಯ ಬದುಕು ಮೇಲು, ಸಂಸಾರಿಯ ಕಸುಬು ಕೀಳು ಎಂಬ ಮೆಟ್ಟಿಲನ್ನು ಅವನು ಹೀಗೆ ಒಡೆದ. ಕಥೋಲಿಕರು ಇದಕ್ಕೆ ತಮ್ಮದೇ ದಾರಿಯಲ್ಲಿ ಬಂದರು. ಪೋಪ್ ಹನ್ನೆರಡನೆಯ ಪಯಸ್ 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು.

ಇನ್ನು ಕೂಲಿ. ಇಲ್ಲಿ ಬೈಬಲ್ಲಿನ ದನಿ ಗಡಸಾಗುತ್ತದೆ. ಬಡ ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮೊದಲೇ ಕೊಡಬೇಕು. ಅವನು ಅದರ ಮೇಲೆಯೇ ಜೀವ ಇಟ್ಟುಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡದಲ್ಲಿದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬ ಬರೆದ ಪತ್ರದ ಐದನೆಯ ಅಧ್ಯಾಯ ಓದಿದರೆ ಮೈ ಜುಮ್ಮೆನ್ನುತ್ತದೆ: ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಬಾಯಿಬಿಟ್ಟು ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಅವನು ಶ್ರೀಮಂತರಿಗೆ ಬರೆಯುತ್ತಾನೆ. ಕಬ್ಬು ಕಡಿಯುವ ಗ್ಯಾಂಗುಗಳು, ಇಟ್ಟಿಗೆ ಭಟ್ಟಿಯ ಕುಟುಂಬಗಳು, ರಾಮದುರ್ಗ ಸುರೇಬಾನಗಳ ಮಗ್ಗದವರು ಇರುವ ಸೀಮೆಯಲ್ಲಿ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಡ. ವಾರದ ಬಟವಾಡೆ ಮುಂದಿನ ವಾರಕ್ಕೆ ಹೋದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಯಾರೂ ವಿವರಿಸಬೇಕಿಲ್ಲ.

ಹಕ್ಕಲಾಯುವುದು ಗೊತ್ತಲ್ಲ? ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆ, ಉಳಿದ ಶೇಂಗಾ ಆಯ್ದುಕೊಳ್ಳುವುದು. ಬೈಬಲ್ಲಿನಲ್ಲಿ ಇದು ದಯೆಯ ಮಾತಾಗಿ ಬರುವುದಿಲ್ಲ, ಕಾನೂನಾಗಿ ಬರುತ್ತದೆ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು ಆಯಬೇಡ, ಅದು ಬಡವರದು, ಪರದೇಶಿಯದು ಎಂದು ಯಾಜಕಕಾಂಡ ಆಜ್ಞಾಪಿಸುತ್ತದೆ. ರೂತಳ ಕಥೆ ನಿಂತಿರುವುದೇ ಈ ಕಾನೂನಿನ ಮೇಲೆ. ಗಂಡ ಸತ್ತ ಮೋವಾಬಿನ ಹೆಣ್ಣುಮಗಳು ರೂತ್, ಅತ್ತೆ ನೊವೊಮಿಯ ಬೆನ್ನು ಹತ್ತಿ ಬೇತ್ಲೆಹೇಮಿಗೆ ಬಂದು, ಯಾರದೋ ಹೊಲದಲ್ಲಿ ಜವೆಗೋದಿಯ ಹಕ್ಕಲಾಯುತ್ತಾಳೆ. ಆ ಹೊಲದ ಒಡೆಯ ಬೋವಜ ತನ್ನ ಆಳುಗಳಿಗೆ ಹೇಳುತ್ತಾನೆ: ಆಕೆಯನ್ನು ಗದರಿಸಬೇಡಿ, ಸಿವುಡಿನಿಂದಲೇ ಒಂದಿಷ್ಟು ತೆನೆ ಬೇಕೆಂದೇ ಬೀಳಿಸಿ. ಆಯುವವಳ ಮಾನವನ್ನೂ ಉಳಿಸಿ ಹೊಟ್ಟೆಯನ್ನೂ ತುಂಬಿಸುವ ಜಾಣತನ ಇದು. ಕಣದಲ್ಲಿ ರಾಶಿ ಮನೆಗೆ ಹೋಗುವ ಮೊದಲು ಆಯಗಾರರಿಗೆ ಆಯ ಅಳೆದು ಕೊಡುತ್ತಿದ್ದ ಕಾಲ ನೆನಪಿರುವ ಹಿರಿಯರು ಈ ಪುಸ್ತಕವನ್ನು ನಮಗಿಂತ ಚೆನ್ನಾಗಿ ಓದುತ್ತಾರೆ.

ದಣಿವಾರಿಸಿಕೊಳ್ಳುವ ವಿಷಯಕ್ಕೆ ಬಂದರೆ ನಮ್ಮ ರೈತರಿಗೆ ಪಾಠ ಮಾಡುವ ಧೈರ್ಯ ನನಗಿಲ್ಲ. ಸೋಮವಾರ ಎತ್ತುಗಳಿಗೆ ನೊಗ ಹೂಡಬಾರದು ಎಂಬ ನೇಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಸವಣ್ಣನ ಹೆಸರಿನಲ್ಲಿ ನಡೆದುಬಂದದ್ದು. ಬೈಬಲ್ಲಿನ ಸಬ್ಬತ್ತು ಅಂದರೆ ಬರೀ ಪ್ರಾರ್ಥನೆಯ ದಿನ ಎಂದು ಪೇಟೆಯ ಕ್ರೈಸ್ತರು ತಿಳಿದಿರುತ್ತಾರೆ. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಕೊಡುವ ಕಾರಣ ಬೇರೆ: ನಿನ್ನ ಎತ್ತು, ನಿನ್ನ ಕತ್ತೆ ವಿಶ್ರಮಿಸಿಕೊಳ್ಳಲಿ, ನಿನ್ನ ದಾಸಿಯ ಮಗನೂ ಪರದೇಶಿಯೂ ದಣಿವಾರಿಸಿಕೊಳ್ಳಲಿ. ಯಜಮಾನ ತಾನು ಧ್ಯಾನ ಮಾಡುತ್ತಾ ಕೂತು ಆಳಿನ ಕೈಲಿ ಕೆಲಸ ಮಾಡಿಸಿದರೆ ಸಬ್ಬತ್ತು ಮುರಿಯಿತು. ಕಣದಲ್ಲಿ ಹಂತಿ ಹೂಡಿದ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬೇಡ ಎಂಬ ಕಟ್ಟಳೆಯೂ ಧರ್ಮೋಪದೇಶಕಾಂಡದಲ್ಲಿದೆ. ಮೇಟಿಯ ಸುತ್ತ ತಿರುಗುವ ಎತ್ತು ತುಳಿಯುವ ತೆನೆಯಲ್ಲಿ ಒಂದು ಬಾಯಿ ತಿಂದುಕೊಳ್ಳಲಿ ಎಂದು. ಪೌಲ ಇದೇ ಮಾತನ್ನು ಎತ್ತಿಕೊಂಡು, ದುಡಿಯುವ ಮನುಷ್ಯನಿಗೆ ದುಡಿಮೆಯ ಫಲದಲ್ಲಿ ಪಾಲು ಇರಬೇಕು ಎಂದು ವಾದಿಸಿದ. ಈಗ ರಾಶಿ ಯಂತ್ರದಲ್ಲಿ ಆಗುತ್ತದೆ, ಹಂತಿ ಪದ ಹಾಡುವವರೂ ಕಡಿಮೆಯಾದರು. ಪೌಲನ ವಾದಕ್ಕೆ ಮಾತ್ರ ಕೆಲಸ ಕಡಿಮೆಯಾಗಿಲ್ಲ.

ಇಲ್ಲಿಯವರೆಗೆ ಓದಿದವರಿಗೆ ಒಂದು ಅಪಾಯವನ್ನು ತೋರಿಸದೆ ಮುಂದೆ ಹೋದರೆ ನಾನು ಅರ್ಧ ಪಾಠ ಮಾಡಿದಂತೆ. ಎಲ್ಲ ಕೆಲಸವೂ ದೇವರ ಕೆಲಸ, ಇದ್ದಲ್ಲಿಯೇ ಇದ್ದು ನಿಷ್ಠೆಯಿಂದ ದುಡಿ ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಬೇಕು. ಯಜಮಾನ ಆಳಿಗೆ, ಮೇಲಿನವನು ಕೆಳಗಿನವನಿಗೆ ಹೇಳಿದಾಗ ಅದೇ ಮಾತು ಹಗ್ಗವಾಗುತ್ತದೆ. ಕ್ರೈಸ್ತ ದೇಶಗಳಲ್ಲೇ ಗುಲಾಮರನ್ನು ಇಟ್ಟುಕೊಂಡವರು ಪೌಲನ ಪತ್ರದ ಸಾಲುಗಳನ್ನು ಗುಲಾಮರಿಗೆ ಓದಿ ಹೇಳಿದ್ದುಂಟು. ಹುಟ್ಟಿನಿಂದ ಕಸುಬು ಹೊರಿಸುವ ನಮ್ಮ ನಾಡಿನಲ್ಲಿ ಮಲ ಹೊರುವವನಿಗೆ ನಿನ್ನ ಕೆಲಸದಲ್ಲಿ ಪುಣ್ಯವಿದೆ ಎಂದು ಹೇಳುವುದು ಎಂಥ ಕ್ರೌರ್ಯ! ಸವದತ್ತಿ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ದೇವರ ಸೇವೆ ಎಂದು ಹೆಸರಿಟ್ಟು ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು 1982ರಲ್ಲಿ ಕಾನೂನೇ ಬರಬೇಕಾಯಿತು. ಪವಿತ್ರ ಎಂಬ ಹೆಸರು ಅನ್ಯಾಯಕ್ಕೆ ಹೊದಿಕೆಯಾಗಬಲ್ಲದು.

ಬೈಬಲ್ಲಿನ ಒಳಗೇ ಇದಕ್ಕೆ ಮದ್ದಿದೆ. ಐಗುಪ್ತದಲ್ಲಿ ಇಸ್ರಾಯೇಲರು ಇಟ್ಟಿಗೆ ಮಾಡುತ್ತಿದ್ದರು. ಅಲ್ಲಿನ ದೊರೆ ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲನ್ನು ನೀವೇ ಹುಡುಕಿ ತನ್ನಿ, ಇಟ್ಟಿಗೆಯ ಲೆಕ್ಕ ಮಾತ್ರ ಕಡಿಮೆಯಾಗಬಾರದು ಎಂದ. ಲೆಕ್ಕ ತಪ್ಪಿದಾಗ ಮೇಸ್ತ್ರಿಗಳಿಗೆ ಏಟು ಬಿತ್ತು. ದೇವರು ಮೋಶೆಯನ್ನು ಕಳಿಸಿ ಇಟ್ಟಿಗೆ ಕೆಲಸದಲ್ಲಿ ಅರ್ಥ ಕಂಡುಕೊಳ್ಳಿ ಎಂದು ಉಪದೇಶ ಮಾಡಿಸಲಿಲ್ಲ. ನನ್ನ ಜನರನ್ನು ಕಳಿಸಿಕೊಡು ಎಂದು ಫರೋಹನಿಗೆ ಹೇಳಿಸಿದ. ಸುಂಕದವನಿಗೆ ಇದ್ದಲ್ಲಿಯೇ ಇದ್ದು ನೇರಾಗು ಎಂಬ ಉತ್ತರ. ಇಟ್ಟಿಗೆ ಮಾಡುವ ಗುಲಾಮನಿಗೆ ಎದ್ದು ಹೊರಡು ಎಂಬ ಉತ್ತರ. ಎರಡೂ ಒಂದೇ ಗ್ರಂಥದಲ್ಲಿವೆ. ತಾನು ಯಾವ ಜಾಗದಲ್ಲಿ ನಿಂತಿದ್ದೇನೆ ಎಂದು ಮೊದಲು ನೋಡಿಕೊಳ್ಳದೆ ಬೈಬಲ್ಲಿನಿಂದ ಕೆಲಸದ ಬಗ್ಗೆ ಬುದ್ಧಿವಾದ ತೆಗೆಯಬಾರದು.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. ನಮ್ಮ ಪಕ್ಕದ ಊರುಗಳಲ್ಲೇ ಇದರ ಪ್ರಯೋಗ ನಡೆದಿದೆ. ಬೆಳಗಾವಿಗೆ ಲಂಡನ್ ಮಿಷನರಿ ಸೊಸೈಟಿ 1820ರಲ್ಲಿ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ನೇಕಾರರ ಊರುಗಳಾದ ಬೆಟಗೇರಿ, ಗುಳೇದಗುಡ್ಡಗಳಿಗೆ ಬಂದು ನೆಲೆಯೂರಿತು. ಕ್ರೈಸ್ತನಾದವನಿಗೆ ಮೊದಲು ಎದುರಾಗುತ್ತಿದ್ದ ಕಷ್ಟ ದೇವತಾಶಾಸ್ತ್ರದ್ದಲ್ಲ, ಹೊಟ್ಟೆಯದು. ಜಾತಿ ಹೋದರೆ ಕಸುಬು ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಆಸ್ತಿಯ ಪಾಲೂ ಹೋಗುತ್ತಿತ್ತು. ಧರ್ಮ ಬಿಟ್ಟರೂ ಆಸ್ತಿಯ ಹಕ್ಕು ಹೋಗಬಾರದು ಎಂದು ಕಂಪನಿ ಸರ್ಕಾರ ಕಾನೂನು ತಂದದ್ದು 1850ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಅಣ್ಣತಮ್ಮಂದಿರು ಹೊಲ ಬಿಟ್ಟುಕೊಡುತ್ತಾರೆಯೇ?

ಹೀಗೆ ಬೀದಿಗೆ ಬಿದ್ದವರಿಗೆ ಕೆಲಸ ಹುಡುಕುವುದು ಮಿಷನ್ನಿನ ಹೊಣೆಯಾಯಿತು. ಗದಗ ಸೀಮೆಯ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು, ಅದು ನಿಲ್ಲಲಿಲ್ಲ. ಮಂಗಳೂರಿನಲ್ಲಿ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಅಲ್ಲಿನ ಮಗ್ಗದ ಕೆಲಸಕ್ಕೆ ಹೊಸ ರೂಪ ಕೊಟ್ಟ, ಅಲ್ಲಿ ನೇಯ್ದ ಖಾಕಿ ಬಟ್ಟೆ ಹೆಸರು ಮಾಡಿತು. 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ ಮಂಗಳೂರು ಹೆಂಚು ಎಂಬ ಹೆಸರನ್ನೇ ಹುಟ್ಟುಹಾಕಿತು. ಧಾರವಾಡ ಬೆಳಗಾವಿಗಳ ಹಳೆಯ ಮನೆಗಳ ಮೇಲೂ ಮಂಗಳೂರು ಹೆಂಚು ಕಾಣುತ್ತೇವೆ. ಬಾಸೆಲ್ಲಿನವರು ಬಹುಪಾಲು ತೆಂಕಣ ಜರ್ಮನಿಯ ಹಳ್ಳಿಗಳಿಂದ, ಕಸುಬುದಾರರ ಮನೆಗಳಿಂದ ಬಂದವರು. ಶ್ರದ್ಧೆಯಿಂದ ಕೈಕೆಲಸ ಮಾಡುವುದು ಅವರ ಭಕ್ತಿಯ ಭಾಗವೇ ಆಗಿತ್ತು. ಕೈಗೆ ಮಣ್ಣು ಹತ್ತಿದರೆ ಮಾನ ಹೋಗುತ್ತದೆ ಎಂಬ ಮೇಲ್ಜಾತಿಯ ಭಾವನೆಗೆ ಆ ಕಾರ್ಖಾನೆಗಳು ಕೊಟ್ಟ ಏಟು ದೊಡ್ಡದು. ಅದನ್ನು ನಾನು ಮೆಚ್ಚುತ್ತೇನೆ.

ಹಾಗೆಂದು ಎಲ್ಲವನ್ನೂ ಮೆಚ್ಚಲಾರೆ. ದೇವರ ಮಾತು ಹೇಳುವವನು, ಕೂಲಿ ಕೊಡುವವನು, ವಸತಿ ಕೊಟ್ಟವನು ಒಬ್ಬನೇ ಆದಾಗ ಕೂಲಿಗಾರ ಎದುರು ಮಾತಾಡುವುದು ಹೇಗೆ? ಕೂಲಿ ಸಾಲದು ಎಂದರೆ ಅದು ಅಸಮಾಧಾನವೋ, ಅಪನಂಬಿಕೆಯೋ? ಲಾಭಕ್ಕೆ ನಡೆಯುವ ಕಾರ್ಖಾನೆಗೂ ಸುವಾರ್ತೆ ಸಾರುವ ಸಂಸ್ಥೆಗೂ ಹೊಂದಾಣಿಕೆ ಹೇಗೆ ಎಂಬ ಚರ್ಚೆ ಮಿಷನ್ನಿನ ಒಳಗೂ ಇತ್ತು. 1914ರ ಮಹಾಯುದ್ಧ ಬಂದಾಗ ಜರ್ಮನರ ಸಂಬಂಧದ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಆ ಉದ್ದಿಮೆಗಳನ್ನು ಕೈಗೆ ತೆಗೆದುಕೊಂಡಿತು. ಚರ್ಚೆ ಮುಗಿಯಲಿಲ್ಲ, ನಿಂತುಹೋಯಿತು.

ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಹದಿನೆಂಟನೆಯ ಶತಮಾನದಲ್ಲಿ ದುಡ್ಡಿನ ಬಗ್ಗೆಯೇ ಒಂದು ಪ್ರಸಂಗ ಮಾಡಿದ್ದ. ಗಳಿಸು, ಉಳಿಸು, ಕೊಡು ಎಂದು ಅದರ ಮೂರು ಭಾಗ. ಗಳಿಕೆಯ ಭಾಗಕ್ಕೆ ಅವನು ಹಾಕಿದ ಬೇಲಿ ಗಟ್ಟಿ: ನಿನ್ನ ಮೈ ಕೆಡಿಸಿಕೊಂಡು ಗಳಿಸಬೇಡ, ನೆರೆಯವನ ಆಸ್ತಿಗೆ, ಮೈಗೆ, ಮನಸ್ಸಿಗೆ ಪೆಟ್ಟುಕೊಟ್ಟು ಗಳಿಸಬೇಡ. ಗಳಿಸು ಎಂಬ ಮೊದಲ ಮಾತನ್ನು ನೆನಪಿಟ್ಟವರು ಬಹಳ. ಕೊಡು ಎಂಬ ಮೂರನೆಯದು ಎಷ್ಟೋ ಮಂದಿಯ ಕಿವಿಗೆ ಬಿದ್ದಂತೆ ಕಾಣುವುದಿಲ್ಲ, ಅದಕ್ಕೆ ವೆಸ್ಲಿ ಮುದಿವಯಸ್ಸಿನಲ್ಲಿ ಕೊರಗಿದ್ದೂ ಉಂಟು.

ಕೂಲಿಯೇ ಇಲ್ಲದ ಕೆಲಸದ ಗತಿ ಏನು? ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು, ದನದ ಕಸ ಬಳಿದು, ಆಮೇಲೆ ಹೊಲಕ್ಕೆ ಹೋಗುವ ಹೆಣ್ಣುಮಗಳಿಗೆ ಮೇಲಿನ ಲೆಕ್ಕಗಳು ಯಾವುವೂ ಹೊಂದುವುದಿಲ್ಲ. ಈ ಜಾಗದಲ್ಲಿ ಕ್ರೈಸ್ತ ಲೇಖಕರು ಸಾಮಾನ್ಯವಾಗಿ ಬ್ರದರ್ ಲಾರೆನ್ಸರ ಹೆಸರು ಹೇಳುತ್ತಾರೆ. ಹದಿನೇಳನೆಯ ಶತಮಾನದ ಫ್ರಾನ್ಸಿನವರು, ಯುದ್ಧದಲ್ಲಿ ಗಾಯಗೊಂಡು ಕಾಲು ಕುಂಟಾದ ಸಿಪಾಯಿ, 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದವರು. ಅವರಿಗೆ ಸಿಕ್ಕಿದ್ದು ಅಡುಗೆಮನೆ. ಅಡುಗೆ ಅವರಿಗೆ ಒಗ್ಗದ ಕೆಲಸ. ಆದರೂ ಪಾತ್ರೆಗಳ ಗದ್ದಲದ ನಡುವೆಯೇ ದೇವರ ಸನ್ನಿಧಿಯಲ್ಲಿ ಇರುವ ಅಭ್ಯಾಸ ಮಾಡಿಕೊಂಡರು. ಮುಂದೆ ಕಾಲು ಸೋತಾಗ ಕೂತು ಮಠದವರ ಪಾದರಕ್ಷೆ ರಿಪೇರಿ ಮಾಡಿದರು. ಅವರ ಮಾತು, ಪತ್ರಗಳನ್ನು 1691ರಲ್ಲಿ ಅವರು ತೀರಿಕೊಂಡ ಮೇಲೆ ಪುಸ್ತಕ ಮಾಡಿದರು. ಚೆಲುವಾದ ಪುಸ್ತಕ, ಓದಿ. ಒಂದು ಎಚ್ಚರ ಮಾತ್ರ ಇರಲಿ: ಲಾರೆನ್ಸರು ಆ ಮಠಕ್ಕೆ ತಾವೇ ಒಪ್ಪಿ ಹೋದವರು. ಸೊಸೆಗೆ ಈ ಪುಸ್ತಕ ಓದಿ ಹೇಳುವ ಮುಂಚೆ ಮಾವ ಮೈದುನರು ಒಂದು ಕೊಡ ನೀರು ತಂದು ಇಳಿಸುವುದು ಒಳ್ಳೆಯದು.

ನನಗೆ ಲಾರೆನ್ಸರಿಗಿಂತ ತಬಿಥಾ ಹತ್ತಿರ. ಅಪೊಸ್ತಲರ ಕೃತ್ಯಗಳಲ್ಲಿ ಒಂಬತ್ತನೆಯ ಅಧ್ಯಾಯದ ಕೊನೆಗೆ ಬರುವವಳು, ಯೊಪ್ಪ ಪಟ್ಟಣದವಳು. ಆಕೆ ಸತ್ತಾಗ ಯೇಸುವಿನ ಶಿಷ್ಯ ಪೇತ್ರ ಬರುತ್ತಾನೆ. ಊರಿನ ವಿಧವೆಯರು ಅವನ ಸುತ್ತ ನಿಂತು ಅಳುತ್ತಾ, ಆಕೆ ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು, ಹೊದಿಕೆಗಳನ್ನು ತೋರಿಸುತ್ತಾರೆ. ಆಕೆಯ ಭಕ್ತಿಯ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಹೊಲಿಗೆಯನ್ನೇ ತೋರಿಸುತ್ತಾರೆ.

ಓದಲು ಶುರುಮಾಡುವವರಿಗೆ ದಾರಿ ಹೇಳುತ್ತೇನೆ. ಬೈಬಲ್ಲನ್ನು ಮೊದಲ ಪುಟದಿಂದ ಹಿಡಿದರೆ ಯಾಜಕಕಾಂಡದಲ್ಲಿ ಸೋತು ಬಿಡುವವರೇ ಹೆಚ್ಚು, ಆದ್ದರಿಂದ ಹಾಗೆ ಹೋಗಬೇಡಿ. ಲೂಕ ಮೂರನೆಯ ಅಧ್ಯಾಯ ಓದಿ. ಆಮೇಲೆ ರೂತಳ ಪುಸ್ತಕ, ನಾಲ್ಕೇ ಅಧ್ಯಾಯ, ಒಂದು ಸಂಜೆಗೆ ಸಾಕು. ಯಾಕೋಬನ ಪತ್ರ ಅದರ ನಂತರ. ದುಡಿದು ದುಡಿದು ಇದೆಲ್ಲ ಯಾಕೆ ಎನಿಸಿದ್ದರೆ ಪ್ರಸಂಗಿ ಎಂಬ ಪುಸ್ತಕವನ್ನು ನೋಡಿ. ದುಡಿಮೆಯೆಲ್ಲ ಗಾಳಿ ಹಿಡಿಯುವ ಕೆಲಸ ಎಂದು ಸಿಡುಕುವ ಒಬ್ಬ ಜ್ಞಾನಿಯನ್ನೂ ಬೈಬಲ್ ತನ್ನೊಳಗೆ ಇಟ್ಟುಕೊಂಡಿದೆ ಎಂದು ತಿಳಿದರೆ ಹೊಸಬರಿಗೆ ಎಷ್ಟೋ ಧೈರ್ಯ ಬರುತ್ತದೆ. ಕೊನೆಗೆ ಮತ್ತಾಯ ಇಪ್ಪತ್ತನೆಯ ಅಧ್ಯಾಯ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಿನಿಂದ ಸಂಜೆಯವರೆಗೆ ಐದು ಸಲ ಪೇಟೆಗೆ ಹೋಗಿ ಕೂಲಿಗಳನ್ನು ಕರೆತರುತ್ತಾನೆ. ಬೈಗಿಗೆ ಬಟವಾಡೆ ಮಾಡುವಾಗ ಒಂದು ತಾಸು ದುಡಿದವನಿಗೂ ಇಡೀ ದಿನ ಬಿಸಿಲಲ್ಲಿ ಬೆಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಬೆಳಿಗ್ಗೆ ಬಂದವರು ಜಗಳ ತೆಗೆಯುತ್ತಾರೆ. ಇದನ್ನು ಕೂಲಿಗೆ ಹೋಗುವವರ ಜತೆ ಕೂತು ಓದಿ, ಪಾದ್ರಿಗಳ ವಿವರಣೆ ಆಮೇಲೆ ಕೇಳಿದರಾಯಿತು. ಹೊಲದ ಒಡೆಯರು ಆ ಯಜಮಾನನಿಗೆ ಬುದ್ಧಿ ಇಲ್ಲ ಎನ್ನುತ್ತಾರೆ. ಮುಂಜಾನೆಯಿಂದ ಸರ್ಕಲ್ಲಿನಲ್ಲಿ ಕಾದು ಯಾರೂ ಕರೆಯದೆ ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಮನೆಗೆ ಹೋದ ಅನುಭವ ಇದ್ದವರು, ಸಂಜೆ ಐದಕ್ಕೆ ಬಂದವನ ಮನೆಯಲ್ಲೂ ಉಣ್ಣುವ ಬಾಯಿಗಳು ಅಷ್ಟೇ ಇದ್ದವಲ್ಲ ಎಂದು ಕೇಳುತ್ತಾರೆ.